ಶಾಂತಯ್ಯನ ಬ್ಯಾಂಕು

ತಿಜೋರಿಯ ಬಾಗಿಲಿಗೆ ಎಡಗಿವಿ ಒತ್ತಿ ಕುಳಿತಿದ್ದ ಇಮಾಮಹುಸೇನ ಉಸಿರು ಬಿಗಿಹಿಡಿದು ಕೈಯಲ್ಲಿದ್ದ ತಂತಿಯನ್ನು ಕೂದಲೆಳೆಯಷ್ಟು ತಿರುವಿದ. ಒಳಗೆ ಮುರಿದು ಕುಳಿತಿದ್ದ ಕೀಲಿಕೈಯ ತುಂಡು ಆಗಲೇ ಹೊರಗೆ ಬಂದಿತ್ತು. ಇನ್ನು ಬೀಗದೊಳಗಿನ ಒಂದು ಪಟ್ಟಿ ಮಾತ್ರ ಹಟ ಹಿಡಿದಿತ್ತು. ಬೆಳಿಗ್ಗೆ ಹತ್ತಕ್ಕೆ ಕುಳಿತವನು. ಈಗ ದುರ್ಗದ ಬೈಲಿನ ಕಡೆಯಿಂದ ಬರುತ್ತಿದ್ದ ಮಧ್ಯಾಹ್ನದ ಗದ್ದಲವೂ ಇಳಿಯುತ್ತ ಬಂದಿತ್ತು. ರಂಜಾನಿನ ಉಪವಾಸ ಬೇರೆ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಬೆರಳ ತುದಿಗಳಂತೂ ಎರಡು ವರ್ಷಗಳಿಂದ ಜಡ್ಡುಗಟ್ಟಿ ಮರಗಟ್ಟಿದ್ದವು. ಮೊದಲು ಬೆರಳಿಗೇ ತಿಳಿಯುತ್ತಿದ್ದುದನ್ನು ಈಗ ಅವನು ಕಿವಿಯಿಂದ ಹುಡುಕಬೇಕಾಗಿತ್ತು.

"ಆಗ್ತೈತೇನು, ಮಿಸ್ತ್ರಿ?" ಹಿಂದೆ ನಿಂತಿದ್ದ ಶಾಂತಯ್ಯ ಮೂರನೆಯ ಸಲ ಕೇಳಿದ. ಆ ಸಣ್ಣ ಬ್ಯಾಂಕಿಗೆ ಅವನೇ ಮ್ಯಾನೇಜರ. ಬಾಗಿಲ ಮೇಲಿನ ಫಲಕದಲ್ಲಿ ದೇವರ ಹೆಸರಿದ್ದರೂ ಊರಿನವರು ಅದನ್ನು ಕರೆಯುತ್ತಿದ್ದುದು ಶಾಂತಯ್ಯನ ಬ್ಯಾಂಕು ಎಂದೇ.

"ಆಗ್ತೈತ್ರಿ ಅಯ್ಯನವರ. ಇನ್ನೊಂದ ಗಳಿಗಿ."

ಪಟ್ಟಿ ಬಿತ್ತು. ಆ ಸದ್ದಿಗೆ ಇಮಾಮಹುಸೇನನ ಕೈ ಅಲ್ಲೇ ನಿಂತಿತು. ಮೂವತ್ತು ವರ್ಷಗಳಿಂದ ಹುಬ್ಬಳ್ಳಿ ಪೇಟೆಯ ತಿಜೋರಿಗಳಿಗೆ ಕಿವಿಗೊಟ್ಟವನು ಅವನು. ತುಂಬಿದ ತಿಜೋರಿಯಲ್ಲಿ ಪಟ್ಟಿ ಬಿದ್ದರೆ ಹಸಿ ಮಣ್ಣಿನ ಮೇಲೆ ಕಲ್ಲು ಬಿದ್ದಂತೆ ಕೇಳುತ್ತದೆ. ಇದು ಕಾಳು ಬರಿದಾದ ಹಗೇವಿನೊಳಗೆ ತಂಬಿಗೆ ಬಿದ್ದಂತೆ ಕೇಳಿತ್ತು.

ಅವನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಕೆಲಸ ಕಲಿಸಿದ ಉಸ್ತಾದ ಗುಲಾಬಸಾಬ ಹಾಕಿಕೊಟ್ಟ ನೇಮ ಅದು. ತಿಜೋರಿ ಬಾಯಿ ತೆಗೆಯಿತೆಂದರೆ ಮಿಸ್ತ್ರಿ ಬಾಯಿ ಮುಚ್ಚಬೇಕು, ಕಣ್ಣೂ ಮುಚ್ಚಬೇಕು. ಒಳಗೆ ಏನಿದೆ, ಎಷ್ಟಿದೆ ಎನ್ನುವುದನ್ನು ಹೆಂಡತಿಗೂ ಹೇಳಬಾರದು. ಈ ನೇಮ ಮುರಿಯಲಿಲ್ಲವೆಂದೇ ಜವಳಿ ಸಾಲಿನ ಸಾಹುಕಾರರು ಮನೆಯ ಹೆಂಗಸರ ಒಡವೆ ಪೆಟ್ಟಿಗೆಗೂ ಇಮಾಮಹುಸೇನನನ್ನೇ ಕರೆಯುತ್ತಿದ್ದರು.

ಹಿಂದೆ ಶಾಂತಯ್ಯ ಹಿಡಿಕೆ ಹಿಡಿದು ಎಳೆದ. ಬಾಗಿಲು ಅರ್ಧಕ್ಕೆ ಬಂದು ನಿಂತಿತು.

"ಬರವಲ್ದು. ನೀನ ನೋಡು."

ತಿರುಗಲೇಬೇಕಾಯಿತು. ಎಣ್ಣೆಯ ಬಟ್ಟೆ ಹಿಡಿದು ಕೀಲು ಒರೆಸುವಾಗ ಕಣ್ಣು ತಾನಾಗಿ ಒಳಗೆ ಹೋಯಿತು. ಕೆಳಗಿನ ಖಾನೆಯಲ್ಲಿ ಕೆಂಪು ಬಟ್ಟೆ ಸುತ್ತಿದ ದಫ್ತರಗಳು. ನಡುವಿನದು ಖಾಲಿ. ಮೇಲಿನದರಲ್ಲಿ ನೋಟಿನ ಒಂದು ಕಟ್ಟು, ಪಕ್ಕದಲ್ಲಿ ಒಂದು ಸಣ್ಣ ಚೀಲ. ಅಷ್ಟೇ.

"ನೋಡಿದಿ," ಅಂದ ಶಾಂತಯ್ಯ.

"ಇಲ್ರಿ."

"ನೋಡಿದಿ, ಮಿಸ್ತ್ರಿ. ಕುಂದ್ರು." ಶಾಂತಯ್ಯ ಗುಮಾಸ್ತನನ್ನು ಏನೋ ನೆವ ಹೇಳಿ ಹೊರಗೆ ಕಳಿಸಿ ತಾನೂ ಸ್ಟೂಲಿನ ಮೇಲೆ ಕುಳಿತ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. "ಕಳವಾಗಿಲ್ಲ. ನಾನೂ ತಿಂದಿಲ್ಲ. ಹತ್ತಿ-ಅರಳಿ ವ್ಯಾಪಾರಸ್ಥರಿಗೆ ಕೊಟ್ಟೇನಿ. ಹ್ವಾದ ವರ್ಷ ಭಾವ ಬಿತ್ತಲ್ಲ, ಅವರು ಮಾಲು ಹಿಡಕೊಂಡು ಕುಂತಾರ. ಯುಗಾದಿ ಹೊತ್ತಿಗೆ ಮಾರಿದ್ರು ಅಂದ್ರ ಎಲ್ಲಾ ತಿರುಗಿ ಬರ್ತೈತಿ. ಅಲ್ಲೀತನಕ ಮಂದಿ ಒಮ್ಮಿಗೇ ಬಂದು ಕೇಳಬಾರದು, ಅಷ್ಟ."

"ಮಾರಲಿಲ್ಲಂದ್ರ?"

ಶಾಂತಯ್ಯ ಎರಡೂ ಅಂಗೈಗಳಿಂದ ಕಣ್ಣು ಒತ್ತಿಕೊಂಡ. "ನನಗ ಇಲ್ಲ ಅನ್ನಾಕ ಬರೂದಿಲ್ಲ ನೋಡು. ದೊಡ್ಡ ಮಂದಿ ಬಂದು ಬಾಗಲದಾಗ ನಿಂತು, ನಿಮ್ಮ ಅಪ್ಪಗ ನಮ್ಮ ಅಪ್ಪ ಎಷ್ಟ ಬೇಕಾದಾಂವಿದ್ದ ಅಂದ್ರ ನಾ ಏನ್ ಮಾಡ್ಲಿ? ಎರಡನೇ ಸಲ ಬಂದ್ರೂ ಕೊಟ್ಟೆ. ಮೂರನೇ ಸಲಾ ಕೊಡಲಿಲ್ಲಂದ್ರ ಮೊದಲನೇದು ಮುಳಗತೈತಿ ಅಂತ ಅಂಜಿ ಕೊಟ್ಟೆ."

ಆಮೇಲೆ ಎದ್ದು ಮೇಲಿನ ಖಾನೆಯ ಕಟ್ಟನ್ನು ತೆಗೆದು ಇಮಾಮಹುಸೇನನ ಮುಂದೆ ಹಿಡಿದ. "ನೀ ಇಲ್ಲಿ ಇಟ್ಟ ರೊಕ್ಕ ಇದರಾಗ ಮುಗೀತೈತಿ. ತಗೊಂಡು ಹೋಗು. ನೀ ಬಡ್ಡೀನೂ ತಗೊಂಡಾಂವಲ್ಲ. ನಿನ್ನ ರೊಕ್ಕ ಮುಳಗಿದ್ರ ನನಗ ಒಳ್ಳೇದಾಗಂಗಿಲ್ಲ."

ಇಮಾಮಹುಸೇನ ಆ ಕಟ್ಟನ್ನು ನೋಡಿದ. ಇಪ್ಪತ್ತು ವರ್ಷದ ದುಡಿಮೆ. ಬೆರಳು ಪೂರ್ತಿ ಸುಮ್ಮನಾಗುವ ದಿನಕ್ಕೆಂದು ಇಟ್ಟದ್ದು. ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು ಕೊಟ್ಟ ಮನೆ ಸೇರಿದ್ದರು. ಕೈ ಚಾಚಿದರೆ ಮುಗಿಯಿತು. ಕೈ ಮಾತ್ರ ಎಣ್ಣೆಯ ಬಟ್ಟೆಯನ್ನು ಮಡಚುತ್ತಲೇ ಇತ್ತು.

"ಪಾಸಬುಕ್ಕು ಮನ್ಯಾಗೈತ್ರಿ," ಅಂದ.

"ಪಾಸಬುಕ್ಕು ಆಮ್ಯಾಲ ತಾ."

"ಆಮ್ಯಾಲ ಬರ್ತೇನ್ರಿ." ಸಾಮಾನು ಚೀಲಕ್ಕೆ ತುಂಬಿ, ಕೂಲಿಯನ್ನೂ ಕೇಳದೆ ಅವನು ಮೆಟ್ಟಿಲಿಳಿದ.

ಹಳೇ ಹುಬ್ಬಳ್ಳಿಯ ಮನೆಯತನಕ ನಡೆಯುವ ದಾರಿ ಆ ದಿನ ಮುಗಿಯಲಿಲ್ಲ. ತಾನು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿಕೊಂಡರೆ ಉತ್ತರ ಬರುತ್ತಿರಲಿಲ್ಲ. ಈ ಬ್ಯಾಂಕಿನಲ್ಲಿ ಯಾಕೆ ಇಟ್ಟೆ ಎನ್ನುವುದಕ್ಕಾದರೆ ಉತ್ತರ ಇತ್ತು. ತಿಜೋರಿ ಎಂಬುದು ಕಳ್ಳನನ್ನು ಒಂದಿಷ್ಟು ಹೊತ್ತು ತಡೆಯುತ್ತದೆ, ಅಷ್ಟೇ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದ್ದರಿಂದ ಅವನು ಕಬ್ಬಿಣವನ್ನು ನಂಬಿದವನಲ್ಲ, ಮನುಷ್ಯನನ್ನು ನಂಬಿದವನು. ಒಮ್ಮೆ ಬ್ಯಾಂಕಿನ ಜಗುಲಿಯ ಮೇಲೆ ಅವನ ಅಂಗಿಯ ಕಿಸೆಯಿಂದ ನಾಲ್ಕಾಣೆಯ ಪಾವಲಿಯೊಂದು ಬಿದ್ದಿತ್ತು. ಅದನ್ನು ಕೊಡಲು ಶಾಂತಯ್ಯ ಚೈತ್ರದ ಬಿಸಿಲಿನಲ್ಲಿ ಹಳೇ ಹುಬ್ಬಳ್ಳಿಯವರೆಗೆ ನಡೆದು ಬಂದಿದ್ದ. ಪಾವಲಿಗೆ ಇಷ್ಟು ನಡೆಯುವವನು ಹತ್ತಿರವಿದ್ದರೆ ರೊಕ್ಕಕ್ಕೆ ಬೇರೆ ಬೀಗ ಯಾಕೆ ಎನಿಸಿತ್ತು. ಮರುವಾರವೇ ಹೋಗಿ ಇಟ್ಟಿದ್ದ. ತನ್ನ ಧರ್ಮಕ್ಕೆ ಸಲ್ಲದ ಬಡ್ಡಿ ಬೇಡ ಎಂದು ಬರೆಸಿದ್ದ.

ಅವನು ಇಟ್ಟದ್ದನ್ನು ನೋಡಿ ಓಣಿಯೇ ಹಿಂದೆ ಹೋಯಿತು. ಬ್ಯಾಂಕಿನ ತಿಜೋರಿ ತೆಗೆಯುವವನೇ ಅಲ್ಲಿ ಇಟ್ಟಿದ್ದಾನೆ ಅಂದ ಮೇಲೆ ಇನ್ನು ಕೇಳುವುದೇನಿದೆ ಎಂದರು ಟಾಂಗಾದವರು, ಬಳೆಗಾರರು, ರೇಲ್ವೆ ಕಾರಖಾನೆಯ ಕೂಲಿಗಳು. ಪಕ್ಕದ ಮನೆಯ ಪಿಂಜಾರ ಯಾಕೂಬಸಾಬನಂತೂ ಮನೆಯಲ್ಲಿ ಹೂತಿಟ್ಟಿದ್ದ ರೊಕ್ಕದ ಗಡಿಗೆಯನ್ನು ಅಗೆದು ತಂದು ಅಲ್ಲಿ ಕಟ್ಟಿದ್ದ. ಜೀವಮಾನವಿಡೀ ಬಿಲ್ಲು ಹಿಡಿದು ಅರಳೆ ಬಡಿದು ಅವನ ಎದೆಯಲ್ಲಿ ಕೆಮ್ಮು ಕೂತಿತ್ತು. ಅರಳೆ ಬಿಡಿಸುವ ಯಂತ್ರವೊಂದನ್ನು ಮುಂಬಯಿಯಿಂದ ತರಿಸಬೇಕು, ಬಿಲ್ಲನ್ನು ಗೋಡೆಗೆ ತೂಗುಹಾಕಬೇಕು ಎನ್ನುವುದೊಂದೇ ಅವನ ಆಸೆ. ಬಡ್ಡಿಯನ್ನು ಅವನು ತೆಗೆದುಕೊಳ್ಳುತ್ತಿದ್ದ. "ಬಡ್ಡಿ ಅನಬ್ಯಾಡ ಭಾಯಿ, ಅದು ಮಶೀನಿನ ಒಂದೊಂದ ಗಾಲಿ," ಎಂದು ನಗುತ್ತಿದ್ದ.

ಸಂಜೆ ಖರ್ಜೂರ ಬಾಯಿಗಿಟ್ಟು ರೋಜಾ ಬಿಡುವಾಗ ಮೈಮುನಾ ಗಂಡನ ಮುಖ ನೋಡಿದಳು. "ಏನಾತ್ರಿ? ಕೀಲಿ ತೆಗೀಲಿಲ್ಲೇನು?"

"ತೆಗೀತು."

"ಮತ್ತ ಹಿಂಗ್ಯಾಕ ಕುಂತೀರಿ?"

"ದಣಿವು."

ಐದು ದಿನ ಅವನು ಯಾರಿಗೂ ಏನೂ ಹೇಳಲಿಲ್ಲ. ಎರಡು ಲೆಕ್ಕ ಅವನ ತಲೆಯಲ್ಲಿ ತಕ್ಕಡಿಯಂತೆ ಏರಿಳಿಯುತ್ತಿದ್ದವು. ಬಾಯಿಬಿಟ್ಟರೆ ಬ್ಯಾಂಕು ನಾಳೆಯೇ ಬೀಳುತ್ತದೆ, ಅದು ಖಂಡಿತ. ಬಿಡದಿದ್ದರೆ ಯುಗಾದಿಗೆ ಉಳಿದರೂ ಉಳಿಯಬಹುದು. ಉಳಿದರೆ ಎಲ್ಲರದೂ ಉಳಿಯುತ್ತದೆ. ಯಾಕೂಬಸಾಬ ದಿನವೂ ಮಸೀದಿಗೆ ಹೋಗುವಾಗ ಜೊತೆಯಾಗುತ್ತಿದ್ದ. ಯಂತ್ರದ ಚಿತ್ರವಿದ್ದ ಕಾಗದವೊಂದನ್ನು ಯಾರಿಂದಲೋ ತರಿಸಿದ್ದ, ಅದನ್ನು ತೋರಿಸುತ್ತಿದ್ದ. ಇಮಾಮಹುಸೇನ ಹ್ಞೂಂ ಎನ್ನುತ್ತಿದ್ದ. ಒಂದೆರಡು ಸಲ ಮಾತು ಗಂಟಲತನಕ ಬಂದಿತ್ತು. ಯಾಕೂಬನ ಬಾಯಲ್ಲಿ ಅಕ್ಕಿ ಕಾಳೂ ನಿಲ್ಲುವುದಿಲ್ಲ ಎಂದುಕೊಂಡು ನುಂಗಿದ. ಉಸ್ತಾದರ ನೇಮವೂ ನೆನಪಾಗುತ್ತಿತ್ತು. ನೇಮ ನೆನಪಾದಾಗಲೆಲ್ಲ ಒಂದು ಬಗೆಯ ನೆಮ್ಮದಿಯೂ ಆಗುತ್ತಿತ್ತು. ಆ ನೆಮ್ಮದಿಯೇ ಅವನಿಗೆ ಸೇರುತ್ತಿರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಇಮಾಮಹುಸೇನ ತನ್ನ ಕೀಲಿ ಅಂಗಡಿಯ ಹಲಗೆಯ ಮೇಲೆ ಕುಳಿತು ಅರದಿಂದ ಕೀಲಿಕೈ ತಿಕ್ಕುತ್ತಿದ್ದಾಗ ಗುಡ್ಡವ್ವ ಬಂದಳು. ಉಪ್ಪಿನಬೆಟಗೇರಿಯವಳು, ಗಂಡ ಸತ್ತ ಮೇಲೆ ಹುಬ್ಬಳ್ಳಿಗೆ ಬಂದು ಕಾರಖಾನೆಯ ಕೂಲಿಗಳಿಗೆ ಜೋಳದ ರೊಟ್ಟಿ, ಶೇಂಗಾಚಟ್ನಿ ಮಾಡಿ ಮಾರುತ್ತಿದ್ದಳು. ಅವಳೂ ಇಮಾಮಹುಸೇನನ ಮಾತಿನ ಮೇಲೆ ನಾಲ್ಕು ವರ್ಷಗಳಿಂದ ಶಾಂತಯ್ಯನಲ್ಲಿ ಇಡುತ್ತಿದ್ದವಳು. ಬುಟ್ಟಿ ಇಳಿಸಿ, ಸೆರಗಿನ ತುದಿಯ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು.

"ಹುಸೇನಣ್ಣ, ಊರಾಗಿನ ಹೊಲ ಮಾರಿಬಿಟ್ಟೆ. ಮೈದುನರ ಜೋಡಿ ಜಗಳಾಡಿ ಸಾಕಾಗಿತ್ತು. ಇನ್ನ ಅದರ ಹಂಗ ಬ್ಯಾಡ ಅಂತ ಕೊಟ್ಟ ಬಂದೆ. ಕೇಶ್ವಾಪುರದ ಕಡೆ ಒಂದ ಸಣ್ಣ ಜಾಗಾ ತಗೋಬೇಕಂತ ಐತಿ. ಅದು ಕುದರೂತನಕ ಇದನ್ನೂ ಅಯ್ಯನವರ ಹತ್ರ ಇಡ್ತೇನಿ. ಇಡ್ಲ್ಯಾ?"

ಅರ ನಿಂತಿತು. ಎದುರಿನ ಅಂಗಡಿಯಲ್ಲಿ ಯಾರೋ ಬೆಲ್ಲದ ಪೆಂಟೆ ಒಡೆಯುತ್ತಿದ್ದರು. ಇಡು ಎನ್ನಬಹುದಿತ್ತು. ನಿನಗೆ ತಿಳಿದಂತೆ ಮಾಡು ಎನ್ನಬಹುದಿತ್ತು. ಸುಮ್ಮನಿರುವುದು ಬೇರೆ, ಕೇಳಿದ ಮೇಲೆ ಹೂಂ ಎನ್ನುವುದು ಬೇರೆ ಎಂದು ಅವನಿಗೆ ಈವರೆಗೆ ಹೊಳೆದಿರಲಿಲ್ಲ.

"ಬ್ಯಾಡವ್ವ," ಅಂದ.

"ಯಾಕ?"

"ಸದ್ಯಕ್ಕ ಬ್ಯಾಡ. ಮನ್ಯಾಗ ಇಟಗೊ."

ಗುಡ್ಡವ್ವ ಅವನನ್ನೇ ನೋಡಿದಳು. "ಮೊದಲ ಇಟ್ಟದ್ದು?"

ಅವನು ತಲೆ ತಗ್ಗಿಸಿ ಮತ್ತೆ ಅರ ಹಿಡಿದ. ಕೀಲಿಕೈಯಲ್ಲಿ ಇನ್ನು ತಿಕ್ಕುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ತಿಕ್ಕಿದ. ತಲೆ ಎತ್ತಿದಾಗ ಗುಡ್ಡವ್ವ ಇರಲಿಲ್ಲ. ರೊಟ್ಟಿಯ ಬುಟ್ಟಿ ಅಲ್ಲೇ ಇತ್ತು.

ಅವಳು ಆ ಸಂಜೆಯೇ ಹೋಗಿ ತನ್ನದನ್ನು ಬಿಡಿಸಿಕೊಂಡಳು. ಶಾಂತಯ್ಯ ಒಂದು ಮಾತೂ ಆಡದೆ ಕೊಟ್ಟನಂತೆ. ಅವಳು ಓಣಿಯಲ್ಲಿ ಡಂಗುರ ಸಾರಿದವಳಲ್ಲ. ಬೀಗಿತ್ತಿ ಕಸ್ತೂರೆವ್ವನಿಗೆ ಮಾತ್ರ ಹೇಳಿದಳು. ಕಸ್ತೂರೆವ್ವ ತನ್ನ ತಮ್ಮನಿಗೆ ಹೇಳಿದಳು, ಅವನು ಕಾರಖಾನೆಯಲ್ಲಿ ಕೆಲಸಕ್ಕಿದ್ದವನು. ಮರುದಿನ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಜಗುಲಿಯಿಂದ ಬೀದಿಯ ತಿರುವಿನವರೆಗೆ ಮಂದಿ ನಿಂತಿದ್ದರು.

ಯಾಕೂಬಸಾಬ ಕೆಮ್ಮುತ್ತ, ಏದುಸಿರು ಬಿಡುತ್ತ ಇಮಾಮಹುಸೇನನ ಅಂಗಡಿಗೆ ಓಡಿಬಂದ. "ಭಾಯಿ, ಮಂದಿ ಏನೇನೋ ಮಾತಾಡಾಕತ್ತಾರ. ಖರೇ ಏನು?"

"ಹೋಗು. ಲಗೂ ಹೋಗು."

"ಖರೇ ಏನು ಅಂತ ಕೇಳಿದ್ನಿ."

"ಹೋಗೋ ಯಾಕೂಬ, ನಿಂದರಬ್ಯಾಡ!"

ಯಾಕೂಬಸಾಬ ಹೋದ. ಇಮಾಮಹುಸೇನ ಹೋಗಲಿಲ್ಲ. ಪಾಸಬುಕ್ಕು ಸೊಂಟದಲ್ಲೇ ಇತ್ತು. ಮೈಮುನಾ ಬೆಳಿಗ್ಗೆ ಏನನ್ನೂ ಕೇಳದೆ ಪೆಟ್ಟಿಗೆಯಿಂದ ತೆಗೆದು ಕೈಗಿಟ್ಟಿದ್ದಳು. ಆ ಸಾಲಿನಲ್ಲಿ ನಿಂತರೆ ತನ್ನ ಹಿಂದೆ ನಿಂತವನಿಗೆ ಒಂದು ಪಾಲು ಕಡಿಮೆಯಾಗುತ್ತದೆ ಎನ್ನುವುದನ್ನು ಅವನು ಬಲ್ಲ. ಉಳಿದವರಿಗೆ ಅದು ಗೊತ್ತಿರಲಿಲ್ಲ, ಅವನು ಮಾತ್ರ ಕಣ್ಣಾರೆ ಕಂಡಿದ್ದ.

ಹನ್ನೆರಡರ ಸುಮಾರಿಗೆ ಬ್ಯಾಂಕಿನ ಬಾಗಿಲು ಮುಚ್ಚಿತು. ಯಾಕೂಬಸಾಬನ ಮುಂದೆ ಆಗ ಇನ್ನೂ ಮೂವತ್ತು ಜನರಿದ್ದರು. ಕಲ್ಲು ಬಿದ್ದವು, ಫಲಕ ಕೆಳಗೆ ಬಂತು, ಪೊಲೀಸರು ಬಂದರು. ಶಾಂತಯ್ಯ ಓಡಿಹೋಗಲಿಲ್ಲ. ಒಳಗೆ ಆ ಸ್ಟೂಲಿನ ಮೇಲೆಯೇ ಕುಳಿತಿದ್ದನಂತೆ.

ಸಂಜೆ ಯಾಕೂಬಸಾಬ ಮತ್ತೆ ಬಂದ. ಈ ಸಲ ಓಡಿ ಬರಲಿಲ್ಲ. ಅಂಗಡಿಯ ಕಂಬಕ್ಕೆ ಕೈ ಕೊಟ್ಟು ನಿಂತ.

"ಹ್ವಾದ ವಾರ ಅಲ್ಲಿ ಕೀಲಿ ತೆಗಿಯಾಕ ಹೋಗಿದ್ದಿ."

"ಹೌದು."

"ಆವಾಗಿಂದ ಗೊತ್ತಿತ್ತು."

ಇಮಾಮಹುಸೇನ ಕೈಯಲ್ಲಿದ್ದ ಅರವನ್ನು ಹಲಗೆಯ ಮೇಲೆ ಇಟ್ಟ.

"ದಿನಾ ಜೋಡೀಲೆ ನಮಾಜಿಗೆ ಹೋದ್ವಿ. ಮಶೀನಿನ ಚಿತ್ರ ತೋರಿಸಿದ್ನಿ. ಹ್ಞೂಂ ಹ್ಞೂಂ ಅಂದಿ. ಆ ರೊಟ್ಟಿ ಮಾರಾಕಿಗೆ ಹೇಳಿದಿ. ನನಗ್ಯಾಕ ಹೇಳಲಿಲ್ಲ, ಭಾಯಿ?"

"ಆಕಿ ಕೇಳಿದ್ಲು," ಅಂದ ಇಮಾಮಹುಸೇನ.

ಹೇಳಿದ ಮೇಲೆ ಆ ಮಾತು ಎಷ್ಟು ಬಡಕಲಾಗಿದೆ ಎಂದು ಅವನಿಗೇ ಕೇಳಿಸಿತು. ಯಾಕೂಬಸಾಬ ಕಂಬದಿಂದ ಕೈ ತೆಗೆದ. ಆಮೇಲೆ ಕೆಮ್ಮು ಬಂತು. ಕೆಮ್ಮುತ್ತಲೇ ಮನೆಯ ಕಡೆ ನಡೆದ. ಅಂದಿನಿಂದ ಅವನು ಇಮಾಮಹುಸೇನನ ಜೊತೆ ಮಾತು ಬಿಟ್ಟ.

ರಾತ್ರಿ ಊಟದ ಹೊತ್ತಿಗೆ ಮೈಮುನಾ ಕೇಳಿದಳು. ಅವನು ಮನೆಗೆ ತಂದಿಟ್ಟಿದ್ದ ಬುಟ್ಟಿ ಒಯ್ಯಲು ಗುಡ್ಡವ್ವ ಹಿಂದಿನ ರಾತ್ರಿ ಬಂದಾಗಲೇ ಮೈಮುನಾಗೆ ಬ್ಯಾಂಕಿನ ಸುದ್ದಿಯೆಲ್ಲ ತಿಳಿದಿತ್ತು; ಶಾಂತಯ್ಯ ಕಟ್ಟು ಮುಂದೆ ಹಿಡಿದದ್ದನ್ನು ಗಂಡನೇ ಹೇಳಿದ.

"ಕೈಗೆ ಬಂದದ್ದು ಬಿಟ್ಟ ಬಂದ್ರಿ. ಧರ್ಮಕ್ಕ ಬಿಟ್ರೋ, ಸೊಕ್ಕಿಗೆ ಬಿಟ್ರೋ?"

"ಗೊತ್ತಿಲ್ಲ ಮೈಮುನಾ."

"ಗೊತ್ತಿಲ್ಲಂದ್ರ ಹ್ಯಾಂಗ್ರಿ. ನಾಳಿಂದ ನಾವಿಬ್ಬರೂ ಉಣ್ಣೂದು ಅದನ್ನ." ಹೇಳಿ ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ.

ಬೇಸಿಗೆ ಬಂತು. ಯುಗಾದಿ ಕಳೆದು ಹದಿನೈದು ದಿನಕ್ಕೆ ಅರಳೆಯ ಭಾವ ಒಂದಿಷ್ಟು ಏರಿತು. ಶಾಂತಯ್ಯನಿಂದ ತೆಗೆದುಕೊಂಡಿದ್ದ ಇಬ್ಬರು ವ್ಯಾಪಾರಸ್ಥರಲ್ಲಿ ಒಬ್ಬ ಮಾಲು ಮಾರಿ ಎದ್ದ. ಇನ್ನೊಬ್ಬ ಅಷ್ಟರೊಳಗೆ ಮುಳುಗಿ ಊರು ಬಿಟ್ಟಿದ್ದ. ಮಂದಿ ಎರಡು ಪಕ್ಷವಾದರು. ನಿಂತಿದ್ದ ಬ್ಯಾಂಕನ್ನು ಮಿಸ್ತ್ರಿಯ ಬಾಯಿ ಕೆಡವಿತು ಎಂದರು ಕೆಲವರು. ಅದು ಮೊದಲೇ ಬಿದ್ದಿತ್ತು, ಬಾಯಿ ಬಿಡಬೇಕಾದಾಗ ಬಿಡಲಿಲ್ಲ ಎಂದರು ಉಳಿದವರು. ಸರಕಾರದಿಂದ ಬಂದ ಅಧಿಕಾರಿ ಕೆಂಪು ಬಟ್ಟೆಯ ದಫ್ತರಗಳನ್ನು ಒಯ್ದ. ರೂಪಾಯಿಗೆ ನಾಲ್ಕಾಣೆ ಸಿಗಬಹುದು, ಅದೂ ವರ್ಷ ಎರಡು ವರ್ಷಕ್ಕೆ ಎಂದು ಸುದ್ದಿಯಾಯಿತು.

ಸಾಹುಕಾರರ ಮನೆಯಿಂದ ಕರೆ ಬರುವುದು ಮೆಲ್ಲಗೆ ನಿಂತಿತು. ಯಾರೂ ಏನೂ ಅನ್ನಲಿಲ್ಲ. ಜವಳಿ ಸಾಲಿನಲ್ಲಿ ಹೋಗುವಾಗ ಮೊದಲಿನಂತೆಯೇ "ಏನ್ ಮಿಸ್ತ್ರಿ, ಆರಾಮೇನು?" ಎನ್ನುತ್ತಿದ್ದರು, ತಿಜೋರಿ ಕೆಟ್ಟರೆ ಮಾತ್ರ ಬೆಳಗಾವಿಯಿಂದ ಬೇರೆಯವನನ್ನು ಕರೆಸುತ್ತಿದ್ದರು. ಇಮಾಮಹುಸೇನ ಟ್ರಂಕಿನ ಕೀಲಿ, ಸ್ಟೋವಿನ ಪಿನ್ನು, ಛತ್ರಿಯ ಕಡ್ಡಿ ಹೀಗೆ ಬಂದದ್ದನ್ನು ರಿಪೇರಿ ಮಾಡುತ್ತ ಕುಳಿತ. ಬೆರಳಿಗೆ ಇದೇ ಹಗುರ ಎಂದು ಮೈಮುನಾ ಸಮಾಧಾನ ಹೇಳಿದಳು. ಗುಡ್ಡವ್ವ ಕೇಶ್ವಾಪುರದಲ್ಲಿ ಜಾಗ ಕೊಂಡು ಸಣ್ಣದೊಂದು ತಗಡಿನ ಮನೆ ಹಾಕಿಸಿಕೊಂಡಳು. ಅದರ ಬಾಗಿಲಿಗೆ ಕೀಲಿ ಹಾಕಲು ಅವನನ್ನೇ ಕರೆದಳು. ಕೆಲಸ ಮುಗಿಸಿ ಹೊರಟಾಗ ಹಿತ್ತಲಲ್ಲಿ ನಿಂತು ಕಣ್ಣೀರು ಒರೆಸಿಕೊಂಡಳು. ಅವನು ಕಾಣದವನಂತೆ ಬಂದ.

ಶಾಂತಯ್ಯ ಒಮ್ಮೆ ಸಿಕ್ಕ. ಇದ್ದ ಮನೆಯನ್ನು ಮಾರಿ ಇಟ್ಟವರಿಗೆ ಹಂಚಲು ಅಧಿಕಾರಿಯ ಕೈಗೆ ಕೊಟ್ಟು, ಮಠದ ಹಿಂದೆ ಒಂದು ಕೋಣೆಯಲ್ಲಿದ್ದ. ಬೀದಿಯ ಆ ಬದಿಯಿಂದ ದಾಟಿ ಬಂದು ಎದುರು ನಿಂತ. "ಇನ್ನೊಂದ ಎರಡ ತಿಂಗಳ ತಡದಿದ್ರ, ಮಿಸ್ತ್ರಿ..." ಎಂದು ಶುರುಮಾಡಿ, ತಾನೇ ಕೈ ಬೀಸಿ ಆ ಮಾತನ್ನು ಬಿಟ್ಟುಬಿಟ್ಟ. "ಆರಾಮ ಅದೀಯಲ್ಲ?" ಎಂದ. "ಆರಾಮ ಅದೇನ್ರಿ," ಎಂದ ಇಮಾಮಹುಸೇನ. ಶಾಂತಯ್ಯ ಬಿಸಿಲಲ್ಲೇ ಮಠದ ಕಡೆ ತಿರುಗಿದ.

ಮಳೆಗಾಲ ಹಿಡಿಯುವ ಮುಂಚಿನ ಒಂದು ಶುಕ್ರವಾರ ಇಮಾಮಹುಸೇನ ಮಧ್ಯಾಹ್ನದ ನಮಾಜಿಗೆ ಹೋದ. ನಾಲ್ಕು ತಿಂಗಳಿಂದ ಅವನು ಹಿಂದಿನ ಸಾಲಿನಲ್ಲಿ, ಗೋಡೆಯ ಮಗ್ಗುಲಿಗೆ ನಿಲ್ಲುವುದು ರೂಢಿಯಾಗಿತ್ತು. ಆ ದಿನ ಊರಿಗೆ ಯಾವುದೋ ಮದುವೆಯ ದಿಬ್ಬಣ ಬಂದಿದ್ದರಿಂದ ಮಸೀದಿ ತುಂಬಿತ್ತು. ಹಿಂದಿನವರು ಮುಂದಕ್ಕೆ ಒತ್ತರಿಸುತ್ತ ಅವನನ್ನು ಮೂರನೆಯ ಸಾಲಿಗೆ ತಂದುಬಿಟ್ಟರು. ಸಾಲು ನೆಟ್ಟಗಾಗಿ ಇನ್ನೇನು ನಮಾಜು ಶುರುವಾಗಬೇಕು, ಅವನ ಬಲಕ್ಕೆ ಒಬ್ಬ ನಿಲ್ಲುವಷ್ಟು ತೆರವು ಉಳಿದಿತ್ತು. ಹಿಂದೆ ಪರಿಚಯದ ಕೆಮ್ಮು ಕೇಳಿಸಿತು. ತಡವಾಗಿ ಬಂದವನು ಕ್ಷಣ ಹೊತ್ತು ನಿಂತು ನೋಡಿದ. ಬೇರೆಲ್ಲೂ ಜಾಗವಿರಲಿಲ್ಲ. ಸಾಲಿನಲ್ಲಿ ತೆರವು ಬಿಡುವಂತೆಯೂ ಇರಲಿಲ್ಲ.

ಯಾಕೂಬಸಾಬ ಬಂದು ಪಕ್ಕದಲ್ಲಿ ನಿಂತ. ಹೆಗಲಿಗೆ ಹೆಗಲು ತಗಲಿತು. ಬಾಗುವಾಗ, ಏಳುವಾಗ ಪಕ್ಕದ ಎದೆಯೊಳಗಿನ ಗೊರಗೊರ ಇಮಾಮಹುಸೇನನಿಗೆ ಕೇಳುತ್ತಿತ್ತು. ಮೂವತ್ತು ವರ್ಷ ಕಬ್ಬಿಣಕ್ಕೆ ಕಿವಿಗೊಟ್ಟ ಅವನಿಗೆ ಅದನ್ನು ಕೇಳದಿರಲು ಆಗುತ್ತಿರಲಿಲ್ಲ.

ನಮಾಜಿನ ಕೊನೆಗೆ ಎಲ್ಲರೂ ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿ ಪಕ್ಕದವರಿಗೆ ಸಲಾಂ ಹೇಳಬೇಕು. ಇಮಾಮಹುಸೇನ ಬಲಕ್ಕೆ ತಿರುಗಿದ. ಯಾಕೂಬಸಾಬನ ಮುಖ ಆ ಕಡೆಗಿತ್ತು. ಕಂಡದ್ದು ಕಿವಿ, ಕಿವಿಯ ಹಿಂದಿನ ನರೆಗೂದಲಿನಲ್ಲಿ ಸಿಕ್ಕಿದ್ದ ಒಂದೆಳೆ ಅರಳೆ. ಅದನ್ನು ನೋಡುತ್ತ ಅವನು ಸಲಾಂ ಹೇಳಿದ. ಆಮೇಲೆ ಎಲ್ಲರೊಡನೆ ಎಡಕ್ಕೆ ಮುಖ ತಿರುಗಿಸಿದ. ಕತ್ತಿನ ಹಿಂದೆ, ಬೆವರು ಒಣಗುತ್ತಿದ್ದ ಜಾಗಕ್ಕೆ ಬಿಸಿಯುಸಿರು ತಗಲಿತು. ಕೆಮ್ಮು ತಡೆದುಕೊಂಡ ದನಿಯೊಂದು ಮೆಲ್ಲಗೆ, ಅರ್ಧಕ್ಕೆ ನಿಂತು, ಮತ್ತೆ ಮುಂದುವರಿದು, ಸಲಾಮನ್ನು ಪೂರ್ತಿ ಹೇಳಿ ಮುಗಿಸಿತು.